ಸಂಜೆ ಒಬ್ಬರೇ ಇರಬೇಕೆನಿಸುವುದು ಕಾಯಿಲೆಯೇ? ಕುವೆಂಪು ಬದುಕು ಹೇಳುವುದೇನು?

ದಿನವಿಡೀ ಜನರ ನಡುವೆ ದುಡಿದು, ಸಂಜೆ ಸುಮ್ಮನೆ ಒಬ್ಬರೇ ಇರಬೇಕೆನಿಸಿದರೆ ಮನೆಯವರು ಗಾಬರಿಯಾಗುತ್ತಾರೆ. ಅಂತರ್ಮುಖಿಗಳು ಅಂಜುಬುರುಕರು, ಮುಂದಾಳತ್ವಕ್ಕೆ ಲಾಯಕ್ಕಲ್ಲ ಎಂಬ ನಂಬಿಕೆಯೂ ನಮ್ಮಲ್ಲಿದೆ. ಇದು ನಿಜವೇ? ಕುವೆಂಪು ಅವರ ಬದುಕನ್ನು ನೋಡೋಣ.

1904ರ ಡಿಸೆಂಬರ್ 29ರಂದು ಹುಟ್ಟಿದ ಅವರು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ಮಲೆನಾಡಿನ ಕಾಡುಗಳ ಮಧ್ಯೆ. ಓದಲೆಂದು ಮೈಸೂರಿಗೆ ಬಂದು, ಕೆಲವು ವರ್ಷ ರಾಮಕೃಷ್ಣಾಶ್ರಮದಲ್ಲಿದ್ದರು. ಆಮೇಲೆ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಏಕಾಂತ ಅವರಿಗೆ ಬಲು ಪ್ರಿಯ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ವಾಯುವಿಹಾರ ಅವರ ರೂಢಿಯಾಗಿತ್ತು. ಹಕ್ಕಿ, ನೀರು, ಮುಳುಗುವ ಸೂರ್ಯ ಅವರ ಕವಿತೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಹಾಗೆಂದು ಅವರು ಜನರಿಂದ ದೂರ ಓಡಿದವರಲ್ಲ. ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಅದೇ ಕೆರೆಯ ಪಕ್ಕದಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಹಲವು ವರ್ಷ ಕೂತು ಬರೆದ ಶ್ರೀ ರಾಮಾಯಣ ದರ್ಶನಂ ಕೃತಿಗೆ 1967ರ ಜ್ಞಾನಪೀಠ ಬಂತು. 1994ರಲ್ಲಿ ತೀರಿಕೊಂಡರು.

ಅವರಿಗೆ ಹಣೆಪಟ್ಟಿ ಹಚ್ಚುವುದು ನಮ್ಮ ಉದ್ದೇಶವಲ್ಲ. ಆದರೆ ಏಕಾಂತವೂ ಹೊಣೆಗಾರಿಕೆಯೂ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಈ ಬದುಕು ಸಾಕ್ಷಿ. ಮನಃಶಾಸ್ತ್ರದ ಪ್ರಕಾರ ಅಂತರ್ಮುಖತೆ ಒಂದು ಸ್ವಭಾವ, ರೋಗವಲ್ಲ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಈ ವಿಂಗಡಣೆಯನ್ನು ಜನಪ್ರಿಯಗೊಳಿಸಿದರು.

ಸಂಜೆಯ ನಡಿಗೆಯಿಂದ ಮೈಮನಸ್ಸಿನ ಬಿಗಿ ಸಡಿಲವಾಗುತ್ತದೆ. ಕತ್ತಲಾದಂತೆ ಮಿದುಳಿನಲ್ಲಿ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹೆಚ್ಚುತ್ತದೆ. ಪ್ರಖರ ಬೆಳಕು ಅದನ್ನು ತಡೆಯುತ್ತದೆ. ಮೊಬೈಲ್ ಪಕ್ಕಕ್ಕಿಡಿ ಎನ್ನುವುದು ಇದಕ್ಕೇ.

ಕುವೆಂಪು ಅವರ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಕಡಲು ಸೇರುವುದು ಹೊನ್ನಾವರದಲ್ಲಿ, ಕಾಸರಕೋಡದ ಬಳಿ. ಅಲ್ಲಿಯವರಿಗೆ ಕೆರೆಯ ಬದಲು ಕಡಲತೀರವೇ ಇದೆ. ನೀವು ಎಲ್ಲೇ ಇರಿ, ದಿನವೂ ಅದೇ ಹೊತ್ತಿಗೆ, ಗೊತ್ತಿರುವ ಸುರಕ್ಷಿತ ದಾರಿಯಲ್ಲಿ ಅರ್ಧ ಗಂಟೆ ನಡೆಯಿರಿ. ಮನೆಗೆ ಬಂದ ಮೇಲೆ ದೀಪ ಮಂದವಾಗಿರಲಿ, ಕೈಯಲ್ಲೊಂದು ಪುಸ್ತಕವಿರಲಿ.

ಒಂದು ಎಚ್ಚರಿಕೆ: ಏಕಾಂತದಿಂದ ಮನಸ್ಸು ಹಗುರಾಗಬೇಕು. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ, ನಿದ್ದೆ ಕೆಟ್ಟರೆ ಅದು ಖಿನ್ನತೆ ಇರಬಹುದು. ಆಗ ಸ್ವಭಾವವೆಂದು ಸುಮ್ಮನಿರದೆ ವೈದ್ಯರನ್ನು ಕಾಣಿ.