ಗ್ರಂಥಪ್ರೇಮಿ ಬೋಧಕ ಫರ್ಡಿನೆಂಡ್ ಕಿಟ್ಟೆಲ್

ಪಂಪನ ನೆನಪು ಬೆಸೆದುಕೊಂಡ ಅಣ್ಣಿಗೇರಿಯೂ ಕುಮಾರವ್ಯಾಸನ ಕೋಳಿವಾಡವೂ ಇರುವ ಧಾರವಾಡ ಸೀಮೆಗೆ ಕಾವ್ಯ ಹೊಸದಲ್ಲ. ಅಕ್ಷರ ಬಾರದ ನಮ್ಮ ಹಿರಿಯರೂ ಇನ್ನೊಬ್ಬರು ಓದಿದ್ದನ್ನು ಕೇಳಿ ಜ್ಞಾನಿಗಳಾದವರು. ಈ ಸೀಮೆಗೆ 1853ರಲ್ಲಿ 21 ವರ್ಷದ ಜರ್ಮನ್ ತರುಣನೊಬ್ಬನು ಕನ್ನಡ ಕಲಿಯಲು ಬಂದನು. ಆತನೇ ಫರ್ಡಿನೆಂಡ್ ಕಿಟ್ಟೆಲ್.

ಕಿಟ್ಟೆಲರು ಕಥೋಲಿಕರಲ್ಲ, ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಬೋಧಕರು. ಆದರೆ ಬೇರ್ಪಟ್ಟ ಸಹೋದರರಲ್ಲಿರುವ ಕ್ರೈಸ್ತ ಸದ್ಗುಣಗಳನ್ನು ಸಂತೋಷದಿಂದ ಗೌರವಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ನಮಗೆ ಬೋಧಿಸಿದೆ. ಆದುದರಿಂದ ಶತಮಾನೋತ್ಸವದ ಈ ಶುಭವೇಳೆಯಲ್ಲಿ ಅವರನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅವರು ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಬಲ್ಲವರಾಗಿದ್ದರೂ ಕನ್ನಡದ ಮುಂದೆ ವಿದ್ಯಾರ್ಥಿಯಾಗಿಯೇ ಕುಳಿತರು. ಶುಭಸಂದೇಶವನ್ನು ಸಾರಬೇಕಾದವನು ಮೊದಲು ಜನರ ಹೃದಯವನ್ನು ಅರಿಯಬೇಕು; ಆ ಹೃದಯವು ಅವರ ಗ್ರಂಥಗಳಲ್ಲಿದೆ ಎಂಬುದನ್ನು ಕಂಡುಕೊಂಡರು. ತಾಳೆಗರಿಗಳನ್ನು ಹುಡುಕಿ ಓದಿದರು; ಜೈನರ, ವೀರಶೈವರ, ಬ್ರಾಹ್ಮಣರ ಕೃತಿಗಳನ್ನು ಸಮಾನ ಶ್ರದ್ಧೆಯಿಂದ ಅಭ್ಯಸಿಸಿದರು.

ಅನ್ಯರ ಗ್ರಂಥಗಳನ್ನು ಓದಿದರೆ ವಿಶ್ವಾಸ ಸಡಿಲವಾದೀತೆಂಬ ಅಂಜಿಕೆ ನಮ್ಮಲ್ಲಿ ಕೆಲವರಿಗುಂಟು. ಕಿಟ್ಟೆಲರ ಬಾಳು ಇದಕ್ಕೆ ತಕ್ಕ ಉತ್ತರ. ಆ ಓದಿನ ಫಲವಾಗಿ ಅವರು 1862ರಲ್ಲಿ ಪ್ರಭು ಯೇಸುವಿನ ಜೀವಿತವನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿ, 'ಕಥಾಮಾಲೆ' ಎಂಬ ಕೃತಿಯನ್ನು ರಚಿಸಿದರು. ಅವರ ವಿಶ್ವಾಸ ಕುಂದಲಿಲ್ಲ. ಅದಕ್ಕೆ ಕನ್ನಡದ ನಾಲಗೆ ದೊರೆಯಿತು.

ಮುಂದೆ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ದಶಕಗಳ ದುಡಿಮೆಯಿಂದ ಸಿದ್ಧವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಪದಗಳ ಆ ಭಂಡಾರದಲ್ಲಿ ಕವಿಗಳ ನುಡಿಗೂ ಹಳ್ಳಿಯ ಗಾದೆಗೂ ಸ್ಥಾನ ದೊರೆತಿದೆ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ಸ್ವದೇಶಕ್ಕೆ ಮರಳಿದ ಬಳಿಕವೂ ಅವರ ಮನಸ್ಸು ಕನ್ನಡವನ್ನು ಬಿಡಲಿಲ್ಲ. ಅವರ ಕನ್ನಡ ವ್ಯಾಕರಣವು 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ದೈವಾಧೀನರಾದರು. ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಹೊತ್ತು ನಿಂತಿದೆ.

ಪ್ರಿಯ ವಿಶ್ವಾಸಿಗಳೇ, ನಮ್ಮ ಹಿರಿಯರು ಹೊಟ್ಟೆ ಬಟ್ಟೆ ಕಟ್ಟಿ ಈ ದೇವಾಲಯವನ್ನು ಎಬ್ಬಿಸಿದರು. ಗೋಡೆಗಳಿಗೆ ಸುಣ್ಣ ಬಳಿದು ಹಬ್ಬ ಆಚರಿಸುವ ನಾವು, ನಮ್ಮ ಮನೆಗಳಲ್ಲಿ ಎಷ್ಟು ಗ್ರಂಥಗಳಿವೆಯೆಂದು ಎಣಿಸಿದ್ದೇವೆಯೇ? ಪವಿತ್ರ ಗ್ರಂಥವು ಕಪಾಟಿನಲ್ಲಿ ಧೂಳು ಹಿಡಿದಿದ್ದರೆ ನಮ್ಮ ಪ್ರಾರ್ಥನೆಯೂ ಬಾಯಿಪಾಠವಾಗಿಯೇ ಉಳಿದೀತು. ಕಿಟ್ಟೆಲರು ಪರನಾಡಿನಿಂದ ಬಂದು ನಮ್ಮ ನುಡಿಯಲ್ಲಿ ತಮ್ಮ ಪ್ರಭುವನ್ನು ಹಾಡಿದರು. ಈ ನುಡಿಯಲ್ಲಿಯೇ ಹುಟ್ಟಿದ ನಾವು ಪ್ರತಿ ಸಂಜೆ ಜಪಸರವಾದ ಮೇಲೆ ಮಕ್ಕಳೊಡನೆ ಒಂದು ಪುಟವನ್ನಾದರೂ ಓದೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಸಭೆಗೆ ಇದಕ್ಕಿಂತ ಗಟ್ಟಿಯಾದ ಅಸ್ತಿವಾರ ಬೇಕೆ?