ಪಾತ್ರಕ್ಕೆ ತಕ್ಕ ಹಾಡು: ಜಾರ್ಜ್ ಬಿಜೆ

ಕಾದಂಬರಿಯೊಂದನ್ನು ಓದುವಾಗ ಅದರ ಪಾತ್ರಗಳು ನಮ್ಮ ಕಣ್ಣ ಮುಂದೆ ಸುಳಿದಾಡುತ್ತವೆ. ಅವರ ಮಾತು ಕಿವಿಗೆ ಬಿದ್ದಂತೆಯೂ ಆಗುತ್ತದೆ. ಆದರೆ ಆ ಪಾತ್ರವು ಹಾಡಿದರೆ ಎಂಥ ಹಾಡನ್ನು ಹಾಡೀತು ಎಂಬ ಪ್ರಶ್ನೆ ನಮಗೆ ಹೊಳೆಯುವುದು ಅಪರೂಪ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಕುಳಿತು, ಸರಿಯಾದ ಉತ್ತರ ದೊರೆಯುವವರೆಗೆ ಬರೆದುದನ್ನು ಅಳಿಸಿ ಮತ್ತೆ ಬರೆದ ಸಂಗೀತಗಾರನೊಬ್ಬನಿದ್ದನು. ಅವನೇ 'ಕಾರ್ಮೆನ್' ಎಂಬ ಸಂಗೀತರೂಪಕದ ಕರ್ತೃವಾದ ಜಾರ್ಜ್ ಬಿಜೆ. ಆ ಉತ್ತರಕ್ಕಾಗಿ ಅವನು ತೆತ್ತ ಬೆಲೆ ಅಲ್ಪವಾದುದಲ್ಲ.

ಬಿಜೆ 1838ನೆಯ ಇಸವಿ ಅಕ್ಟೋಬರ್ 25ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಮೊದಲು ಕೇಶಾಲಂಕಾರದ ಕಸುಬಿನಲ್ಲಿದ್ದು, ಅನಂತರ ಹಾಡುಗಾರಿಕೆಯನ್ನು ಕಲಿಸುವ ಉಪಾಧ್ಯಾಯನಾದವನು. ತಾಯಿ ಪಿಯಾನೊ ವಾದನದಲ್ಲಿ ನುರಿತವಳು. ಹೀಗೆ ಮನೆಯೇ ಮೊದಲ ಪಾಠಶಾಲೆಯಾಯಿತು. ಹತ್ತು ವರ್ಷ ತುಂಬುವ ಮೊದಲೇ ಬಾಲಕನಿಗೆ ಪ್ಯಾರಿಸಿನ ಪ್ರಖ್ಯಾತ ಸಂಗೀತ ವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು. ಹದಿನೇಳನೆಯ ವಯಸ್ಸಿನಲ್ಲಿ, 1855ರಲ್ಲಿ, ಅವನೊಂದು ಸಿಂಫನಿಯನ್ನು ರಚಿಸಿದನು. ಅದನ್ನು ಅವನ ಜೀವಮಾನದಲ್ಲಿ ಯಾರೂ ನುಡಿಸಲಿಲ್ಲ. 1933ರಲ್ಲಿ ಅದರ ಹಸ್ತಪ್ರತಿ ಬೆಳಕಿಗೆ ಬಂದು, 1935ರಲ್ಲಿ ಮೊದಲ ಬಾರಿಗೆ ಸಭೆಯಲ್ಲಿ ಕೇಳಿಬಂದಿತು. 1857ರಲ್ಲಿ ಫ್ರಾನ್ಸಿನ ಯುವ ಸಂಗೀತಗಾರರು ಹಂಬಲಿಸುತ್ತಿದ್ದ 'ರೋಮ್ ಪಾರಿತೋಷಕ'ವನ್ನು ಗೆದ್ದು ಅವನು ಇಟಲಿಗೆ ತೆರಳಿದನು.

ಒಪೆರಾ ಎಂಬುದು ಆದ್ಯಂತವಾಗಿ ಸಂಗೀತವನ್ನೇ ಅವಲಂಬಿಸಿದ ನಾಟಕ. ನಮ್ಮ ಯಕ್ಷಗಾನದಲ್ಲಿ ಪಾತ್ರಧಾರಿಯ ಪರವಾಗಿ ಭಾಗವತನು ಹಾಡುತ್ತಾನೆ. ಸನ್ನಿವೇಶವನ್ನರಿತು ಅಲ್ಲಿಯೇ ಹಿಗ್ಗಿಸಿ ಕುಗ್ಗಿಸುತ್ತಾನೆ. ಒಪೆರಾದಲ್ಲಿ ಪಾತ್ರಧಾರಿಯೇ ಹಾಡಬೇಕು. ಪ್ರತಿಯೊಂದು ಸ್ವರವನ್ನೂ ರಚನಕಾರನು ಮೊದಲೇ ಬರೆದಿಟ್ಟಿರಬೇಕು. ಪಾತ್ರದ ಸ್ವಭಾವ ಕೆಟ್ಟರೆ ಅದರ ಹೊಣೆ ಅವನದೇ.

ಪ್ಯಾರಿಸಿಗೆ ಮರಳಿದ ಬಿಜೆಗೆ ಕಾದಿದ್ದುದು ಕಷ್ಟದ ಜೀವನ. ಇತರರ ಕೃತಿಗಳನ್ನು ಪಿಯಾನೊಗೆ ಅಳವಡಿಸಿಕೊಡುವುದು, ಮನೆಪಾಠ ಹೇಳುವುದು ಇವೇ ಹೊಟ್ಟೆಪಾಡಿನ ದಾರಿಗಳಾದವು. 1863ರಲ್ಲಿ ಅವನ 'ಮುತ್ತಿನ ಬೇಟೆಗಾರರು' ರಂಗವನ್ನೇರಿತು. ಅದರ ಕಥೆ ನಡೆಯುವುದು ಸಿಂಹಳದ್ವೀಪದಲ್ಲಿ. ಅದರ ನಾಯಕಿ ಬ್ರಹ್ಮನನ್ನು ಸ್ತುತಿಸುವ ಪೂಜಾರಿಣಿ. ಇಂಪಾದ ಹಾಡುಗಳಿದ್ದರೂ ಅದು ಹದಿನೆಂಟು ಪ್ರದರ್ಶನಗಳಿಗೆ ನಿಂತುಹೋಯಿತು. 1867ರಲ್ಲಿ ಅವನು ವಾಲ್ಟರ್ ಸ್ಕಾಟನ ಕಾದಂಬರಿಯೊಂದನ್ನು ಆಧರಿಸಿದ 'ಪರ್ತ್ ನಗರದ ಸುಂದರಿ'ಯನ್ನು ರಂಗಕ್ಕೆ ತಂದನು. ಇಲ್ಲಿ ಗಾಯಕಿಯರ ಕಂಠಚಾತುರ್ಯವನ್ನು ಮೆರೆಸುವ ಅಲಂಕಾರಗಳಿಗೆ ಎಡೆ ಕೊಟ್ಟನು. ವಿಮರ್ಶಕನೊಬ್ಬನು ಇದನ್ನು ಎತ್ತಿ ತೋರಿಸಿದಾಗ ಬಿಜೆ ಮುನಿಯಲಿಲ್ಲ. ಸಭಿಕರ ರುಚಿಗಾಗಿ ತಾನು ರಾಜಿಮಾಡಿಕೊಂಡುದು ನಿಜವೆಂದು ಒಪ್ಪಿ, ಅವನಿಗೆ ಪತ್ರ ಬರೆದನು. ಕಾದಂಬರಿಯ ಪಾತ್ರಕ್ಕೆ ಹೊಂದದ ಹಾಡು ಎಷ್ಟೇ ಇಂಪಾಗಿದ್ದರೂ ಸುಳ್ಳೇ ಸರಿ ಎಂಬ ಅರಿವು ಅವನಲ್ಲಿ ಬಲಿಯುತ್ತ ಬಂದಿತು.

1869ರಲ್ಲಿ ಅವನು ತನ್ನ ದಿವಂಗತ ಗುರುವಾದ ಅಲೆವಿಯ ಮಗಳು ಜೆನೆವಿಯೆವ್‌ಳನ್ನು ಮದುವೆಯಾದನು. ಮರುವರ್ಷವೇ ಪ್ರಷ್ಯದೊಡನೆ ಯುದ್ಧ. ಬಿಜೆ ರಾಷ್ಟ್ರೀಯ ರಕ್ಷಣಾ ದಳವನ್ನು ಸೇರಿ ಮುತ್ತಿಗೆಯ ದಿನಗಳನ್ನು ಪ್ಯಾರಿಸಿನಲ್ಲಿಯೇ ಕಳೆದನು. 1872ರಲ್ಲಿ ದೋದೆಯ ನಾಟಕವೊಂದಕ್ಕೆ ಅವನು ಬರೆದ ಸಂಗೀತ ಇಂದಿಗೂ ಪ್ರಸಿದ್ಧ. ಆದರೆ ಅಂದು ಆ ನಾಟಕ ಬಿದ್ದುಹೋಯಿತು.

ಈ ಹೊತ್ತಿಗೆ ಪ್ಯಾರಿಸಿನ 'ಒಪೆರಾ ಕೊಮೀಕ್' ರಂಗಮಂದಿರದವರು ಹೊಸ ಕೃತಿಯೊಂದನ್ನು ಬರೆದುಕೊಡುವಂತೆ ಬಿಜೆಯನ್ನು ಕೇಳಿದ್ದರು. ಅವನು ಆರಿಸಿಕೊಂಡುದು ಪ್ರಾಸ್ಪರ್ ಮೆರಿಮೆಯು 1845ರಲ್ಲಿ ಪ್ರಕಟಿಸಿದ್ದ 'ಕಾರ್ಮೆನ್' ಎಂಬ ಕಿರುಕಾದಂಬರಿಯನ್ನು. ಸ್ಪೇನ್ ದೇಶದ ಸೆವಿಲ್ ನಗರದ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ದುಡಿಯುವ ಜಿಪ್ಸಿ ಹೆಣ್ಣು ಕಾರ್ಮೆನ್. ಅವಳಿಗೆ ಮನಸೋತು ಸೈನಿಕವೃತ್ತಿಯನ್ನೂ ಮರ್ಯಾದೆಯನ್ನೂ ಕಳೆದುಕೊಂಡು, ಕಳ್ಳಸಾಗಣೆಗಾರರನ್ನು ಸೇರಿ, ಕಡೆಗೆ ಅವಳನ್ನೇ ಇರಿದು ಕೊಲ್ಲುವ ಡಾನ್ ಹೋಸೆ. ಇದು ಕಥೆ. ಆ ರಂಗಮಂದಿರವಾದರೋ ಗೃಹಸ್ಥರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವ ಸ್ಥಳ. ವಧೂವರರನ್ನು ಪರಸ್ಪರ ತೋರಿಸಲು ಅಲ್ಲಿಯ ಆಸನಗಳನ್ನು ಕಾದಿರಿಸುವ ವಾಡಿಕೆಯೂ ಇತ್ತು. ಅಂಥ ವೇದಿಕೆಯ ಮೇಲೆ ಕೊಲೆಯೇ ಎಂದು ನಿರ್ದೇಶಕರಿಬ್ಬರಲ್ಲಿ ಒಬ್ಬನಾದ ದ ಲವೆನ್ ಬೆಚ್ಚಿದನು. ಮುಂದೆ 1874ರಲ್ಲಿ ಅವನು ಸ್ಥಾನವನ್ನೇ ತ್ಯಜಿಸಿದನು. ಬಿಜೆ ಕಥೆಯನ್ನು ಬಿಡಲಿಲ್ಲ.

ಮೆರಿಮೆಯ ಪುಸ್ತಕದಲ್ಲಿ ಕಾರ್ಮೆನ್ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವುದಿಲ್ಲ. ಮರಣದಂಡನೆಗೆ ಗುರಿಯಾದ ಹೋಸೆ ಅದನ್ನು ಪ್ರವಾಸಿ ಪಂಡಿತನೊಬ್ಬನಿಗೆ ಹೇಳುತ್ತಾನೆ. ಆದುದರಿಂದ ಓದುಗನು ಅವಳನ್ನು ಕಾಣುವುದು ಗಂಡಸರಿಬ್ಬರ ಕಣ್ಣಿನಿಂದ ಮಾತ್ರ. ವೇದಿಕೆಯ ಮೇಲೆ ಅವಳೇ ಬಾಯಿ ತೆರೆಯಬೇಕು. ತೆರೆದಾಗ ಯಾವ ಹಾಡು ಹೊರಡಬೇಕು? ಬಿಜೆಯ ಮುಂದಿದ್ದ ಕಠಿನ ಸಮಸ್ಯೆ ಇದು.

ಕಾರ್ಮೆನ್‌ಳ ಪ್ರವೇಶಕ್ಕೆ ಅವನು ಮೊದಲು ಬರೆದ ಹಾಡು, ಪಾತ್ರವನ್ನು ವಹಿಸಿದ್ದ ಗಾಯಕಿ ಗಲ್ಲಿ-ಮಾರಿಯೆಗೆ ಒಪ್ಪಿಗೆಯಾಗಲಿಲ್ಲ. ಬಿಜೆ ಅದನ್ನು ಕೈಬಿಟ್ಟು ಮತ್ತೆ ಬರೆದನು. ಹದಿಮೂರು ಬಾರಿ ತಿದ್ದಿದನೆಂದು ಪ್ರತೀತಿಯುಂಟು. ಕಡೆಗೆ ಅವನಿಗೆ ದೊರೆತುದು 'ಹಬನೇರಾ' ಎಂಬ ಧಾಟಿ. ಕ್ಯೂಬಾದ ಹವಾನಾ ನಗರದ ಹೆಸರನ್ನು ಹೊತ್ತ ಕುಣಿತ ಅದು. ತಾನು ಕೇಳಿದ ಮಟ್ಟು ಜಾನಪದವೆಂದೇ ಅವನು ತಿಳಿದಿದ್ದನು. ಅದು 1865ರಲ್ಲಿ ತೀರಿಕೊಂಡಿದ್ದ ಸೆಬಾಸ್ಟಿಯನ್ ಇರಾದಿಯೇರ್ ಎಂಬ ಸ್ಪೇನಿನ ರಚನಕಾರನದೆಂದು ಗೊತ್ತಾದಾಗ ಮುದ್ರಿತ ಪ್ರತಿಯಲ್ಲಿ ಅದನ್ನು ಸೂಚಿಸಲಾಯಿತು. ಸ್ಪೇನ್ ದೇಶವನ್ನು ಬಿಜೆ ಒಮ್ಮೆಯೂ ಕಂಡವನಲ್ಲ. ಆದರೂ ಅವನ ಆಯ್ಕೆ ತಪ್ಪಲಿಲ್ಲ. ಕೆಳಗಿನ ವಾದ್ಯಗಳು ಒಂದೇ ಲಯವನ್ನು ಬಿಡದೆ ಮಿಡಿಯುತ್ತಿರುವಾಗ, ಮೇಲಿನ ಹಾಡು ಅರ್ಧ ಅರ್ಧ ಸ್ವರವಾಗಿ ಕೆಳಕ್ಕೆ ಜಾರುತ್ತ ಹಿಡಿತಕ್ಕೆ ಸಿಗದಂತೆ ನುಣುಚಿಕೊಳ್ಳುತ್ತದೆ. ಯಾರ ಅಂಕೆಗೂ ಒಳಗಾಗದ ಹೆಣ್ಣಿನ ಪರಿಚಯಕ್ಕೆ ಇನ್ನು ಬೇರೆ ಮಾತು ಬೇಕಾಗಲಿಲ್ಲ. ಆ ಹಾಡಿನ ಸಾಹಿತ್ಯವನ್ನೂ ಬಿಜೆ ಬಹುಮಟ್ಟಿಗೆ ತಾನೇ ತಿದ್ದಿ ಬರೆದನು.

ಉಳಿದ ಪಾತ್ರಗಳಿಗೂ ಅವನು ಇದೇ ಎಚ್ಚರದಿಂದ ಹಾಡು ಹುಡುಕಿದನು. ಸಾಹಿತ್ಯ ರಚಿಸಿದ ಮೆಯಾಕ್ ಮತ್ತು ಲುದೊವಿಕ್ ಅಲೆವಿ ಇವರು ಮೂಲದಲ್ಲಿಲ್ಲದ ಮಿಕಾಯೆಲಾ ಎಂಬ ಹಳ್ಳಿಯ ಹುಡುಗಿಯನ್ನು ತಂದರು. ಹೋಸೆಗೆ ತಾಯಿಯ ಸುದ್ದಿಯನ್ನು ತರುವವಳು ಅವಳು. ಅವಳ ಸಂಗೀತ ನೇರ, ನಿರ್ಮಲ. ಒಲೆಯ ಬೆಳಕಿನಂತೆ ಮನೆಯನ್ನು ನೆನಪಿಗೆ ತರುವಂಥದು. ಮೂಲದಲ್ಲಿ ಒಂದೆರಡು ಪುಟಗಳಲ್ಲಿ ಬಂದುಹೋಗುವ ಲೂಕಾಸ್ ಎಂಬ ಗೂಳಿಕಾಳಗದವನು ಇಲ್ಲಿ ಎಸ್ಕಮಿಲ್ಲೊ ಆಗಿ ಬೆಳೆದನು. ಅವನ ಹಾಡು ಜನಜಂಗುಳಿಯ ಚಪ್ಪಾಳೆಗೆಂದೇ ಹುಟ್ಟಿದ ಹಾಡು: ಗಟ್ಟಿ, ಬೆಡಗಿನದು, ಆಳವಿಲ್ಲದ್ದು. ಪಾತ್ರವೇ ಅಂಥದು, ಹಾಡೂ ಅಂತೆಯೇ ಇರಬೇಕಲ್ಲವೆ?

ಎರಡನೆಯ ಅಂಕದ ಒಂದು ಸನ್ನಿವೇಶವನ್ನು ನೋಡಿರಿ. ಕಾರ್ಮೆನ್ ಹೋಸೆಗಾಗಿ ಹಾಡುತ್ತ ಕುಣಿಯುತ್ತಾಳೆ. ಅಷ್ಟರಲ್ಲಿ ದೂರದ ಶಿಬಿರದಿಂದ ಸೈನಿಕರನ್ನು ಹಿಂದಕ್ಕೆ ಕರೆಯುವ ಕಹಳೆ ಕೇಳಿಬರುತ್ತದೆ. ಎರಡು ಸಂಗೀತಗಳೂ ಒಂದರ ಮೇಲೊಂದು ಕೂಡಿಕೊಂಡು ನಡೆಯುತ್ತವೆ. ಒಂದು ಒಲವು, ಇನ್ನೊಂದು ಕರ್ತವ್ಯ. ಹೋಸೆಯ ಎದೆಯಲ್ಲಿ ನಡೆದಿರುವ ಜಗ್ಗಾಟವನ್ನು ಸಭಿಕನು ಕಿವಿಯಾರೆ ಕೇಳುತ್ತಾನೆ. ಅವಳು ಹೀಯಾಳಿಸಿದಾಗ ಅವನು ಹಾಡುವುದು ಹೂವಿನ ಹಾಡು. ಅವಳು ಮೊದಲ ದಿನ ಎಸೆದ ಹೂವು ಸೆರೆಮನೆಯಲ್ಲಿ ಬಾಡಿದರೂ ಅವನು ಅದನ್ನು ಕಾಪಾಡಿಕೊಂಡಿದ್ದಾನೆ. ಹಾಡಿನ ತುದಿಯ ಏರುಸ್ವರವನ್ನು ಮೆಲ್ಲನೆ ಹಾಡಬೇಕೆಂದು ಬಿಜೆ ಬರೆದಿದ್ದಾನೆ. ಅದು ಅಂಗಲಾಚುವವನ ಸ್ವರ.

ಅಂತ್ಯದಲ್ಲಿ ಈ ಆಯ್ಕೆಗಳೆಲ್ಲ ಒಂದೆಡೆ ಬಂದು ಸೇರುತ್ತವೆ. ಗೂಳಿಕಾಳಗದ ಅಂಗಣದೊಳಗೆ ಎಸ್ಕಮಿಲ್ಲೊವಿನ ವಿಜಯದ ಹಾಡು. ಹೊರಗೆ ಕಾರ್ಮೆನ್‌ಳ ದಾರಿಯನ್ನು ಅಡ್ಡಗಟ್ಟಿದ ಹೋಸೆ. ಅದೇ ಹರ್ಷದ ಹಾಡು ಮೊಳಗುತ್ತಿರುವಾಗ ಅವನ ಕತ್ತಿ ಮೇಲೇಳುತ್ತದೆ. ಎರಡನೆಯ ಅಂಕದಲ್ಲಿ ನಾವು ತಲೆದೂಗಿದ ಹಾಡು ಇಲ್ಲಿ ಎದೆಯನ್ನು ನಡುಗಿಸುತ್ತದೆ.

ಅಭ್ಯಾಸದ ದಿನಗಳು ಸುಗಮವಾಗಿರಲಿಲ್ಲ. ಮೇಳದ ಹೆಂಗಸರು ಸಾಲಾಗಿ ನಿಂತು ಹಾಡಿ ರೂಢಿಯಿದ್ದವರು. ಹೊಗೆ ಸೇದುತ್ತ, ಜಗಳವಾಡುತ್ತ, ಬಿಡಿಬಿಡಿಯಾಗಿ ಬರಬೇಕೆಂದಾಗ ಅವರು ಪ್ರತಿಭಟಿಸಿದರು. ಕೊನೆಯನ್ನು ಮೃದುಗೊಳಿಸುವಂತೆಯೂ ಒತ್ತಾಯ ಬಂದಿತು. ಗಲ್ಲಿ-ಮಾರಿಯೆ ಬಿಜೆಯ ಪರವಾಗಿ ದೃಢವಾಗಿ ನಿಂತಳು. ಪರ್ತ್ ಸುಂದರಿಯ ಕಾಲದಲ್ಲಿ ಬಗ್ಗಿದವನು ಈ ಬಾರಿ ಬಗ್ಗಲಿಲ್ಲ.

1875ನೆಯ ಮಾರ್ಚಿ 3ರಂದು ಮೊದಲ ಪ್ರದರ್ಶನವಾಯಿತು. ಮೊದಲ ಅಂಕಕ್ಕೆ ಮೆಚ್ಚುಗೆ ದೊರೆಯಿತು. ಅಂಕದಿಂದ ಅಂಕಕ್ಕೆ ಸಭೆ ತಣ್ಣಗಾಗುತ್ತ ಬಂದು, ಕೊನೆಯ ಅಂಕವನ್ನು ಮೌನ ಎದುರ್ಗೊಂಡಿತು. ಪತ್ರಿಕೆಗಳಲ್ಲಿ ಹಲವು ಇದನ್ನು ನೀತಿಗೆಟ್ಟ ಕಥೆಯೆಂದು ಜರೆದವು. ಬಿಜೆಗೆ ಇದು ಸೋಲೆಂದೇ ತೋರಿತು. ಮೊದಲೇ ಗಂಟಲುಬೇನೆಯಿಂದ ನರಳುತ್ತಿದ್ದವನು ವಿಶ್ರಾಂತಿಗಾಗಿ ಸೇನ್ ನದಿಯ ದಡದ ಬೂಜಿವಾಲಿಗೆ ಹೋದನು. ಅಲ್ಲಿ ಜ್ವರವೂ ಹೃದಯಾಘಾತವೂ ಒಂದರ ಹಿಂದೊಂದು ಎರಗಿ, ಜೂನ್ 3ರಂದು ಅವನು ಅಸುನೀಗಿದನು. ಅಂದು ಅವನ ವಿವಾಹವಾಗಿ ಸರಿಯಾಗಿ ಆರು ವರ್ಷ. ಅವನ ವಯಸ್ಸು ಮೂವತ್ತಾರು.

ಅದೇ ವರ್ಷ ಅಕ್ಟೋಬರಿನಲ್ಲಿ ವಿಯೆನ್ನಾದ ಸಭಿಕರು 'ಕಾರ್ಮೆನ್' ಕೃತಿಯನ್ನು ಸಂಭ್ರಮದಿಂದ ಸ್ವಾಗತಿಸಿದರು. ಹತ್ತು ವರ್ಷಗಳಲ್ಲಿ ಇದು ಲೋಕದ ಅತ್ಯಂತ ಜನಪ್ರಿಯ ಒಪೆರಾ ಆಗುವುದೆಂದು ರಷ್ಯದ ಚೈಕೋವ್‌ಸ್ಕಿ 1880ರಲ್ಲಿ ನುಡಿದ ಭವಿಷ್ಯ ಹುಸಿಯಾಗಲಿಲ್ಲ. 1883ರಲ್ಲಿ ಅದು ಪ್ಯಾರಿಸಿಗೆ ಹಿಂತಿರುಗಿತು. 1904ರಲ್ಲಿ 'ಒಪೆರಾ ಕೊಮೀಕ್'ನಲ್ಲಿ ಅದರ ಸಾವಿರದ ಪ್ರದರ್ಶನ ನಡೆಯಿತು.

ಬಿಜೆಗೆ ಈ ಯಾವುದೂ ತಿಳಿಯಲಿಲ್ಲ. ಸಭೆಗೆ ಹಿತವಾದ ಹಾಡನ್ನು ಬರೆಯಬಲ್ಲ ಶಕ್ತಿ ಅವನಲ್ಲಿ ಧಾರಾಳವಾಗಿತ್ತು. ಹಾಗೆ ಬರೆದಿದ್ದರೆ ಆ ರಾತ್ರಿ ಅವನಿಗೆ ಚಪ್ಪಾಳೆ ದೊರೆಯುತ್ತಿತ್ತೇನೋ. ಅವನು ಕಾರ್ಖಾನೆಯ ಹೆಣ್ಣೊಬ್ಬಳಿಗೆ ಅವಳದೇ ಆದ ಹಾಡನ್ನು ಕೊಡಲು ಹಟ ಹಿಡಿದನು. ಮೆರಿಮೆಯ ಪುಟಗಳಲ್ಲಿ ಪರರ ಬಾಯಲ್ಲಿ ಉಳಿದಿದ್ದ ಕಾರ್ಮೆನ್ ಅಂದಿನಿಂದ ತನ್ನ ಕಂಠದಿಂದಲೇ ಲೋಕಕ್ಕೆ ಪರಿಚಿತಳಾದಳು. ಸಾಹಿತ್ಯವನ್ನೂ ಸಂಗೀತವನ್ನೂ ಅಭ್ಯಸಿಸುವ ನಮಗೆ ಅವನ ಅಲ್ಪಾಯುಷ್ಯದ ಬಾಳು ಬಿಟ್ಟುಹೋದ ಪಾಠ ಇದೇ: ಹಾಡನ್ನು ಆರಿಸುವವನು ಮೊದಲು ಪಾತ್ರದ ಮಾತಿಗೆ ಕಿವಿಗೊಡಬೇಕು, ಸಭೆಯ ಮಾತು ಆಮೇಲಿನದು.