ಫೋಟೋ ಹಗುರ ಮಾಡಿದ ಫೋರಿಯರ್

ಮೂರನೇ ಸೆಮ್ ಮ್ಯಾಥ್ಸ್‌ನಲ್ಲಿ ಎ-ನಾಟ್, ಎ-ಎನ್, ಬಿ-ಎನ್ ಲೆಕ್ಕ ಹಾಕಿ ಹಾಕಿ ಸುಸ್ತಾಗಿ, ಯಾರಪ್ಪಾ ಈ ಮಹಾಶಯ ಅಂತ ಫೋರಿಯರ್‌ನನ್ನು ಬೈದುಕೊಂಡವರು ನಮ್ಮ ಕ್ಯಾಂಪಸ್ಸಿನಲ್ಲಿ ಕಮ್ಮಿ ಇಲ್ಲ. ಆಮೇಲೆ ಅದೇ ಹುಡುಗ ಹುಡುಗಿಯರು ಫೆಸ್ಟ್ ಮುಗಿದ ರಾತ್ರಿ ಕ್ಯಾಮೆರಾದ ರಾ ಫೈಲುಗಳನ್ನು ಜೆಪೆಗ್ ಮಾಡಿ ಅಪ್‌ಲೋಡ್ ಮಾಡ್ತಾ ಕೂತಿರ್ತಾರೆ. ಅಷ್ಟು ದಪ್ಪ ಫೈಲು ಒಂದು ಎಂಬಿಗಿಂತ ಕೆಳಗೆ ಇಳಿಯುತ್ತಲ್ಲ, ಅದರ ಬೇರು ಇರೋದು ಅದೇ ಮಹಾಶಯನ ತಲೆಯಲ್ಲಿ.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸಿನ ಬರ್ಗಂಡಿ ಸೀಮೆಯ ಓಸೇರ್ ಎಂಬ ಊರಲ್ಲಿ. ಅಪ್ಪ ದರ್ಜಿ. ಒಂಬತ್ತು-ಹತ್ತರ ವಯಸ್ಸಿಗೆ ತಾಯಿ ತಂದೆ ಇಬ್ಬರನ್ನೂ ಕಳಕೊಂಡ. ಬೆನೆಡಿಕ್ಟೈನ್ ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಗಣಿತದ ಹುಚ್ಚು ಹಿಡಿಯಿತು. ಫಿರಂಗಿ ಪಡೆ ಸೇರಬೇಕೆಂದು ಆಸೆಪಟ್ಟರೆ, ದೊಡ್ಡ ಮನೆತನದವನಲ್ಲ ಅನ್ನೋ ಕಾರಣಕ್ಕೆ ಆ ಬಾಗಿಲು ತೆರೆಯಲಿಲ್ಲ. 1787ರಲ್ಲಿ ಸನ್ಯಾಸಿಯಾಗಲು ಮಠ ಸೇರಿ, 1789ರಲ್ಲಿ ದೀಕ್ಷೆ ತೆಗೆದುಕೊಳ್ಳದೆ ಹೊರಬಂದ. ಕ್ರಾಂತಿಯ ಕಾಲ. ಊರಿನ ಕ್ರಾಂತಿ ಸಮಿತಿ ಸೇರಿದ, 1794ರಲ್ಲಿ ಜೈಲು ಸೇರಿದ. ತಲೆ ಉಳಿಯುತ್ತೋ ಇಲ್ಲವೋ ಅನ್ನೋ ಸ್ಥಿತಿಯಲ್ಲಿ ರೋಬ್ಸ್‌ಪಿಯರ್‌ನ ತಲೆಯೇ ಮೊದಲು ಹೋಗಿ, ಇವನು ಬಚಾವಾದ. ನಾವು ಬ್ಯಾಕ್‌ಲಾಗ್‌ಗೆ ಹೆದರುತ್ತೇವೆ. ಅವನಿಗಿದ್ದದ್ದು ಗಿಲೋಟಿನ್ನಿನ ಹೆದರಿಕೆ.

ಮುಂದೆ ಪ್ಯಾರಿಸ್ಸಿನಲ್ಲಿ ಲಗ್ರಾಂಜ್, ಲಪ್ಲಾಸ್‌ರಂಥವರ ಪಾಠ ಕೇಳಿದ. (ಹೌದು, ಮುಂದಿನ ಯೂನಿಟ್ಟಿನ ಲಪ್ಲಾಸ್ ಅವನೇ.) ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರಾದ. 1798ರಲ್ಲಿ ನೆಪೋಲಿಯನ್ ಜತೆ ಈಜಿಪ್ಟಿಗೆ ಹೋಗಿ ಬಂದ. ವಾಪಸ್ ಬಂದು ಪಾಠ ಮಾಡಿಕೊಂಡಿರೋಣ ಅಂದರೆ ನೆಪೋಲಿಯನ್ ಬಿಡಲಿಲ್ಲ. ಆಲ್ಪ್ಸ್ ಪರ್ವತದ ಬುಡದ ಇಸೇರ್ ಪ್ರಾಂತಕ್ಕೆ ಪ್ರಿಫೆಕ್ಟ್ ಮಾಡಿ ಕಳಿಸಿದ. ನಮ್ಮಲ್ಲಿ ಡಿ.ಸಿ. ಅಂತೀವಲ್ಲ, ಹೆಚ್ಚುಕಮ್ಮಿ ಆ ಹುದ್ದೆ. ಗ್ರೆನೋಬಲ್ ಪಟ್ಟಣದಲ್ಲಿ ಕೂತು ಜೌಗು ನೆಲ ಬಸಿಸೋದು, ಟ್ಯೂರಿನ್ನಿಗೆ ರಸ್ತೆ ಹಾಕಿಸೋದು ಅವನ ಕೆಲಸ. ಉಳಿದ ಹೊತ್ತಲ್ಲಿ ಒಂದೇ ಧ್ಯಾನ: ಕಾದ ಲೋಹದಲ್ಲಿ ಬಿಸಿ ಹೇಗೆ ಹರಡುತ್ತೆ?

1807ರ ಡಿಸೆಂಬರ್ 21ರಂದು ಅವನ ಪ್ರಬಂಧ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಬಂತು. ಅದರಲ್ಲಿದ್ದ ಮಾತು ಸರಳ. ಬಿಸಿಯ ಏರಿಳಿತ ಎಷ್ಟೇ ಅಂಕುಡೊಂಕಾಗಿರಲಿ, ಅದನ್ನು ಬೇರೆ ಬೇರೆ ಅಳತೆಯ ಸೈನ್, ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಬಹುದು. ಬಿಡಿಸಿದ ಮೇಲೆ ಪ್ರತಿ ಅಲೆಯೂ ತನ್ನ ಪಾಡಿಗೆ ತಾನು ಆರುತ್ತೆ: ಒತ್ತೊತ್ತಾಗಿರೋ ಸಣ್ಣ ಅಲೆಗಳು ಬೇಗ, ಅಗಲವಾದವು ನಿಧಾನ.

ಲಗ್ರಾಂಜ್ ಒಪ್ಪಲಿಲ್ಲ. ನುಣುಪಾದ ಅಲೆಗಳನ್ನು ಎಷ್ಟು ಕೂಡಿಸಿದರೂ ಚೂಪು ಮೂಲೆಯ ಗೆರೆ ಹೇಗೆ ಬಂದೀತು ಅನ್ನೋದು ಅವನ ತಕರಾರು. ಪಾಠ ಹೇಳಿದ ಗುರುವೇ ಅಡ್ಡ ನಿಂತ. ಪ್ರಬಂಧ ಅಚ್ಚಾಗಲಿಲ್ಲ. 1811ರಲ್ಲಿ ಫೋರಿಯರ್ ಅದನ್ನೇ ತಿದ್ದಿ ಬಹುಮಾನದ ಸ್ಪರ್ಧೆಗೆ ಕಳಿಸಿದ; ಬಹುಮಾನ ಕೊಟ್ಟರು, ಜತೆಗೆ ಗಣಿತದ ಬಿಗಿ ಸಾಲದು ಅಂತ ಷರಾನೂ ಬರೆದರು. ಕೊನೆಗೆ ಪುಸ್ತಕವಾಗಿ ಹೊರಬಂದದ್ದು 1822ರಲ್ಲಿ. ಹದಿನೈದು ವರ್ಷ!

ಈಗ ನಮ್ಮ ಕ್ಯಾಮೆರಾಕ್ಕೆ ಬರೋಣ. 24 ಮೆಗಾಪಿಕ್ಸೆಲ್ ಸೆನ್ಸರ್, ಪಿಕ್ಸೆಲ್ಲಿಗೆ 14 ಬಿಟ್ ಅಂದರೆ ಲೆಕ್ಕ ಹಾಕಿ: ಕಂಪ್ರೆಸ್ ಮಾಡದ ರಾ ಫೈಲು 42 ಎಂಬಿ. ಅದೂ ಇನ್ನೂ ಚಿತ್ರವಲ್ಲ. ಪ್ರತಿ ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರು, ನೀಲಿ, ಇವುಗಳಲ್ಲಿ ಒಂದೇ ಬಣ್ಣದ ಅಳತೆ ಇರುತ್ತೆ. ಉಳಿದೆರಡನ್ನು ಅಕ್ಕಪಕ್ಕದವರಿಂದ ಅಂದಾಜು ಮಾಡಿ ತುಂಬಿಸಿ, ಬಣ್ಣಕ್ಕೆ 8 ಬಿಟ್ಟಿಗೆ ಇಳಿಸಿದರೂ ಪಿಕ್ಸೆಲ್ಲಿಗೆ 3 ಬೈಟ್, ಒಟ್ಟು 72 ಎಂಬಿ. ಇಳಿಸಲು ಹೋಗಿ ಏರಿತು ನೋಡಿ.

ಇಲ್ಲಿ ಫೋರಿಯರ್ ಬೇಕಾಗ್ತಾನೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನು 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯುತ್ತೆ. ಅಗಲವಾದ ಅಲೆಗಳ ಅಂಕಿಗಳನ್ನು ಜೋಪಾನವಾಗಿ ಇಟ್ಟುಕೊಂಡು, ಕಣ್ಣಿಗೆ ಅಷ್ಟಾಗಿ ಕಾಣದ ಒತ್ತಲೆಗಳನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಿ ರೌಂಡ್ ಆಫ್ ಮಾಡುತ್ತೆ. ಬಹಳಷ್ಟು ಸೊನ್ನೆ ಆಗಿಬಿಡ್ತವೆ. ಸೊನ್ನೆಗಳ ಸಾಲನ್ನು ಬರೆಯೋಕೆ ಜಾಗ ಯಾಕೆ ಬೇಕು? ಕಾದ ಕಬ್ಬಿಣ ಆರುವಾಗ ಪ್ರಕೃತಿ ಯಾವುದನ್ನು ಮೊದಲು ಅಳಿಸುತ್ತೋ, ಇಲ್ಲೂ ಮೊದಲು ಹೋಗೋದು ಅದೇ. ಹೋದದ್ದು ವಾಪಸ್ ಬರಲ್ಲ, ಅದಕ್ಕೇ ರಾ ಫೈಲು ಡಿಲೀಟ್ ಮಾಡ್ಬೇಡಿ ಅನ್ನೋದು.

ಸೈನ್ ಬಿಟ್ಟು ಬರೀ ಕೊಸೈನ್ ಯಾಕೆ? ಈ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅನ್ನು ಯೋಚಿಸಿದವರು ನಸೀರ್ ಅಹ್ಮದ್, 1940ರಲ್ಲಿ ಬೆಂಗಳೂರಲ್ಲಿ ಹುಟ್ಟಿ, 1961ರಲ್ಲಿ ಯುವಿಸಿಇಯಲ್ಲಿ ಎಲೆಕ್ಟ್ರಿಕಲ್ ಮುಗಿಸಿದವರು. ಮಾಮೂಲಿ ಫೋರಿಯರ್ ವಿಧಾನ ಚೌಕದ ಎಡಗಡೆ ಅಂಚು ಬಲಗಡೆ ಅಂಚಿಗೆ ಅಂಟಿಕೊಂಡಿದೆ ಅಂತ ಭಾವಿಸುತ್ತೆ. ಎರಡರ ಬೆಲೆ ಬೇರೆಯಾದರೆ ಅಲ್ಲೊಂದು ಸುಳ್ಳು ಜಿಗಿತ. ಕೊಸೈನ್ ವಿಧಾನ ಕನ್ನಡಿ ಹಿಡಿದ ಹಾಗೆ, ಅಂಚಲ್ಲಿ ಜಿಗಿತವಿಲ್ಲ, ಹಾಗಾಗಿ ಕೆಲವೇ ಅಂಕಿಗಳಲ್ಲಿ ಕೆಲಸ ಮುಗಿಯುತ್ತೆ. ಇದಕ್ಕೆ ಅಮೆರಿಕದಲ್ಲಿ ಅವರು 1972ರಲ್ಲಿ ಕೇಳಿದ ಸರ್ಕಾರಿ ಅನುದಾನ ಸಿಗಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಜತೆ 1974ರಲ್ಲಿ ಪೇಪರ್ ಪ್ರಕಟಿಸಿದರು. ಜೆಪೆಗ್ ಸ್ಟ್ಯಾಂಡರ್ಡ್ 1992ರಲ್ಲಿ ಬಂತು. ಈಚಿನ ವೆಬ್‌ಪಿ, ಎವಿಫ್ ಒಳಗೂ ಕೊಸೈನ್ ಬಳಗವೇ ಇದೆ, ಚೌಕದ ಅಳತೆ ಮಾತ್ರ ಬೇರೆ.

ಹಾಗಂತ ಲಗ್ರಾಂಜ್ ಪೂರಾ ತಪ್ಪು ಅಂತ ನನಗೆ ಅನ್ನಿಸಲ್ಲ. ನಿಮ್ಮ ಇವೆಂಟ್ ಪೋಸ್ಟರನ್ನು ಕಡಿಮೆ ಕ್ವಾಲಿಟಿಯ ಜೆಪೆಗ್ ಮಾಡಿ ಜೂಮ್ ಮಾಡಿ. ಕಪ್ಪು ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕಲೆಗಳು ಕಾಣ್ತವೆ. ಚೂಪು ಅಂಚನ್ನು ಕೆಲವೇ ಅಲೆಗಳಿಂದ ಕಟ್ಟಲು ಹೋದರೆ ಹಾಗೇ ಆಗೋದು. ಅಕ್ಷರ ಜಾಸ್ತಿ ಇರೋ ಪೋಸ್ಟರಿಗೆ ಪಿಎನ್‌ಜಿ, ಮುಖ-ಮರ-ಆಕಾಶ ಇರೋ ಫೋಟೋಗೆ ಜೆಪೆಗ್ ಅನ್ನೋದು ಇದಕ್ಕೇ.

ಫೋರಿಯರ್‌ನ ಕೊನೆಯ ವರ್ಷಗಳು ಅಷ್ಟು ಸುಖದವಲ್ಲ. 1815ರಲ್ಲಿ ಇವನ ಪ್ರಿಫೆಕ್ಟ್ ಕೆಲಸ ಹೋಯಿತು. 1816ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರೆ ದೊರೆ ಹದಿನೆಂಟನೇ ಲೂಯಿ ಒಪ್ಪಲಿಲ್ಲ. ಮರುವರ್ಷ ಮತ್ತೆ ಆರಿಸಿದರು. 1822ರಲ್ಲಿ ಅದರ ಕಾಯಂ ಕಾರ್ಯದರ್ಶಿಯಾದ. ಈಜಿಪ್ಟಿನಿಂದ ಬಂದಾಗಿನಿಂದ ಅವನಿಗೆ ಸದಾ ಚಳಿ; ಬೇಸಗೆಯಲ್ಲೂ ಬೆಚ್ಚಗೆ ಸುತ್ತಿಕೊಂಡೇ ಇರುತ್ತಿದ್ದನಂತೆ. 1830ರ ಮೇ 16ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ಕುರ್ಚಿಗೆ ಬಂದವನು ಅರಗೋ. ಅದೇ ಅರಗೋ 1839ರ ಜನವರಿ 7ರಂದು ಅದೇ ಅಕಾಡೆಮಿಯಲ್ಲಿ ಎದ್ದು ನಿಂತು, ಡಗೇರ್ ಎಂಬವನು ಬೆಳಕಿನಿಂದಲೇ ಚಿತ್ರ ಹಿಡಿಯುವ ವಿದ್ಯೆ ಕಂಡುಹಿಡಿದಿದ್ದಾನೆಂದು ಲೋಕಕ್ಕೆ ಸಾರಿದ. ಫೋರಿಯರ್ ಹೋಗಿ ಆಗಲೇ ಎಂಟು ವರ್ಷ ದಾಟಿತ್ತು. ನಮ್ಮ ಪಠ್ಯಪುಸ್ತಕದಲ್ಲಿರೋ ಅವನ ಮುಖ ಕಲಾವಿದರು ಬಿಡಿಸಿದ್ದು.